ಮಗು ಮಲಗಿದ ಹೊತ್ತು ಅವರದ್ದೂ ವಿಶ್ರಾಂತಿಯ ಹೊತ್ತು
ಮಗು ಮಲಗಿದಾಗ ಆಯಾ ಸುಮ್ನೆ ಕೂರುತ್ತಾರೆ, ಆಗ ಪಾತ್ರೆ, ಕಸ ಎಲ್ಲ ಮಾಡಿಸಿಕೊಳ್ಳಿ ಎಂದು ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ನಾವಿರುವುದು ಶಿವಮೊಗ್ಗದಲ್ಲಿ, ಇಬ್ಬರಿಗೂ ಕೆಲಸ. ನನ್ನ 26 ವಾರದ ಹೆರಿಗೆ ರಜೆ ಮುಗಿದ ಮೇಲೆ ತೀರ್ಥಹಳ್ಳಿ ಕಡೆಯ ಒಬ್ಬ ಅಕ್ಕ ಬರುತ್ತಿದ್ದಾರೆ. ಮಗುವಿನ ಊಟ, ಸ್ನಾನ, ಅದರ ಬಟ್ಟೆಬಟ್ಟಲು ಅವರದ್ದು, ಉಳಿದದ್ದು ನಮ್ಮದು ಎಂದು ಮೊದಲ ದಿನವೇ ಮಾತಾಡಿಕೊಂಡೆವು.

ಕಷ್ಟವಾಗಿದ್ದು ಮಳೆಗಾಲದಲ್ಲಿ. ಜೂನ್ ಬಂದರೆ ಇಲ್ಲಿ ಬಟ್ಟೆ ಒಣಗುವುದೇ ಇಲ್ಲ, ದಿನಕ್ಕೆ ಹತ್ತು ಹನ್ನೆರಡು ಲಂಗೋಟಿ, ರಾತ್ರಿ ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ಹರಡಬೇಕು, ಬೆಳಿಗ್ಗೆ ಇಸ್ತ್ರಿ ಹಾಕಿ ತೇವ ತೆಗೆಯಬೇಕು, ಇದೆಲ್ಲ ಸಂಜೆ ಐದಕ್ಕೆ ಬಸ್ಸು ಹಿಡಿಯುವ ಅಕ್ಕನಿಂದ ಹೇಗೆ ಆಗುತ್ತದೆ? "ಅಕ್ಕ ಇದ್ದಾರಲ್ಲ" ಅಂತ ಗಂಡ ಅಂದಾಗ ನನಗೆ ನಿಜವಾಗಿ ಬೇಜಾರಾಯಿತು. ಕೂತು ಮಾತಾಡಿದೆವು. ಈಗ ಒಣಗಿಸುವುದು, ಇಸ್ತ್ರಿ ಪೂರ್ತಿ ಗಂಡನದ್ದೇ, ಅಡುಗೆ ನನ್ನದು, ಪಾತ್ರೆ ಇಬ್ಬರದ್ದೂ.

ಇನ್ನೊಂದು ಮಾತು. ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಕರ್ನಾಟಕ 2004ರಲ್ಲೇ ನಿಗದಿ ಮಾಡಿತ್ತು. ಮಗು ನೋಡುವುದಕ್ಕೆ ಅಂತ ಕರೆದು ಮನೆ ಕೆಲಸವನ್ನೂ ಮಾಡಿಸುವುದಾದರೆ ಮೊದಲೇ ಕೇಳಿ, ಅದಕ್ಕೆ ಬೇರೆ ದುಡ್ಡು ಕೊಡಬೇಕು ಅಲ್ವಾ?