ಪರ–ವಿರೋಧ: ‘ಜೆ. ಬಿ.’ ನಾಟಕ ಯೋಬನ ಕಥೆಗೆ ನ್ಯಾಯ ಸಲ್ಲಿಸಿದೆಯೇ?

ಪರ

ಅಮೆರಿಕದ ಕವಿ ಆರ್ಚಿಬಾಲ್ಡ್ ಮೆಕ್‌ಲೀಶ್ ಅವರ ‘ಜೆ. ಬಿ.’ 1958ರಲ್ಲಿ ರಂಗಕ್ಕೆ ಬಂದು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆದ ಪದ್ಯನಾಟಕ. ದೇವರೂ ಸೈತಾನನೂ ಭಕ್ತಿಯನ್ನು ಪಣಕ್ಕಿಟ್ಟಾಗ ಆಸ್ತಿ, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಬೈಬಲ್ಲಿನ ನೀತಿವಂತ ಯೋಬನ ಕಥೆಯನ್ನು ಅದು ಇಂದಿನ ಕಾಲಕ್ಕೆ ತರುತ್ತದೆ. ಬಲೂನು ಮಾರುವ ಝಸ್, ಪಾಪ್‌ಕಾರ್ನ್ ಮಾರುವ ನಿಕಲ್ಸ್ ಎಂಬ ಇಬ್ಬರು ಮುದಿ ನಟರು ಸರ್ಕಸ್ ಡೇರೆಯೊಳಗೆ ದೇವರ ಮತ್ತು ಸೈತಾನನ ಮುಖವಾಡ ಧರಿಸುತ್ತಾರೆ; ಅವರ ಪಂದ್ಯಕ್ಕೆ ಬಲಿಯಾಗುವವನು ಜೆ. ಬಿ. ಎಂಬ ಸಿರಿವಂತ ಬ್ಯಾಂಕರ್. ವಸಿಷ್ಠ–ವಿಶ್ವಾಮಿತ್ರರ ಪಣವನ್ನು ಬಲ್ಲ ನಮಗೆ ಈ ಪಂದ್ಯ ಅಪರಿಚಿತವಲ್ಲ. ಆದರೆ ಹರಿಶ್ಚಂದ್ರನಿಗೆ ಸತ್ತ ಮಗನೇ ಜೀವ ಪಡೆದು ಮರಳಿದ. ಯೋಬನಿಗೆ ದಕ್ಕಿದ್ದು ಬೇರೆ ಮಕ್ಕಳು. ಈ ಗಾಯವನ್ನು ನಾಟಕ ಮುಚ್ಚಿಡುವುದಿಲ್ಲ.

ನಾಟಕದ ಜೀವಾಳವಿರುವುದು ಸಮಾಧಾನ ಹೇಳಲು ಬರುವ ಮೂವರಲ್ಲಿ. ಮನುಷ್ಯ ಹುಟ್ಟಿನಿಂದಲೇ ಪಾಪಿ ಎನ್ನುತ್ತಾನೆ ಪಾದ್ರಿ. ಅಪರಾಧಪ್ರಜ್ಞೆಯೇ ಭ್ರಮೆ ಎನ್ನುತ್ತಾನೆ ಮನೋವೈದ್ಯ. ಎಲ್ಲವೂ ಇತಿಹಾಸದ ಆಟ ಎನ್ನುತ್ತಾನೆ ಮಾರ್ಕ್ಸ್‌ವಾದಿ. ನನ್ನ ಅಕ್ಕನ ಮಗ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಇವರೇ ಮೂವರು ಬೇರೆ ವೇಷದಲ್ಲಿ ನಮ್ಮ ಮನೆಗೆ ಬಂದಿದ್ದರು. ಒಬ್ಬರು ಪೂರ್ವಜನ್ಮದ ಕರ್ಮವೆಂದರು, ಇನ್ನೊಬ್ಬರು ಮನೆಯ ವಾಸ್ತು ಸರಿಯಿಲ್ಲವೆಂದರು, ಮೂರನೆಯವರು ರಸ್ತೆ ಗುತ್ತಿಗೆದಾರನ ಭ್ರಷ್ಟಾಚಾರದ ಬಗ್ಗೆ ಅರ್ಧ ಗಂಟೆ ಮಾತನಾಡಿದರು. ಅಕ್ಕ ಯಾರಿಗೂ ಉತ್ತರ ಕೊಡಲಿಲ್ಲ. ಆ ಹೊತ್ತಿನಲ್ಲಿ ಪಕ್ಕದ ಮನೆಯಾಕೆ ಸದ್ದಿಲ್ಲದೆ ಅಡುಗೆಮನೆಗೆ ಹೋಗಿ, ಬಿದ್ದಿದ್ದ ಪಾತ್ರೆಗಳನ್ನೆಲ್ಲ ತೊಳೆದಿಟ್ಟು ಹೋದರು. ನಾಟಕದ ಕೊನೆಯಲ್ಲಿ, ಬಿಟ್ಟುಹೋಗಿದ್ದ ಹೆಂಡತಿ ಸೇರಾ ಬೂದಿಯ ನಡುವೆ ಅರಳಿದ ಹೂವಿನ ರೆಂಬೆಯೊಂದನ್ನು ಹಿಡಿದು ಬಾಗಿಲಲ್ಲಿ ಕೂತಿರುವುದನ್ನು ಓದುವಾಗ ನನಗೆ ಆ ಪಾತ್ರೆಗಳ ಸದ್ದು ಕೇಳಿಸುತ್ತದೆ.

ಹಾಗಾದರೆ ದೇವರ ಉತ್ತರ ಎಲ್ಲಿ ಹೋಯಿತೆಂದು ಎದುರು ಪಕ್ಷದವರು ಕೇಳುತ್ತಾರೆ. ಶಾಸ್ತ್ರದ ಒಂದಕ್ಷರವೂ ಅಲುಗಬಾರದು ಎನ್ನುವವರು ರಂಗಮಂದಿರಕ್ಕೆ ಏಕೆ ಬರಬೇಕೋ ನಾನರಿಯೆ.

ವಿರೋಧ

ವಿರೋಧದ ಪಕ್ಷ ನನ್ನ ಪಾಲಿಗೆ ಬಂದಿದೆ. ವಹಿಸಿದ ಕೆಲಸವನ್ನು ಮಾಡುತ್ತೇನೆ. ಒಂದಕ್ಷರವೂ ಅಲುಗಬಾರದೆಂಬುದು ನನ್ನ ವಾದವಲ್ಲ.

ಬೈಬಲ್ಲಿನ ಯೋಬನ ಗ್ರಂಥದ 42 ಅಧ್ಯಾಯಗಳಲ್ಲಿ ಬಹುಪಾಲು ಪದ್ಯವೇ ಆಗಿರುವುದರಿಂದ, ಅದನ್ನು ಮತ್ತೆ ಪದ್ಯದಲ್ಲಿ ಹೇಳಹೊರಟವನು ಮೂಲದೊಡನೆ ಸ್ಪರ್ಧೆಗೆ ಇಳಿಯುತ್ತಾನೆ. 38ನೆಯ ಅಧ್ಯಾಯದಲ್ಲಿ ಬಿರುಗಾಳಿಯೊಳಗಿಂದ ಮಾತನಾಡುವ ದೇವರು ಯೋಬನ ಒಂದು ಪ್ರಶ್ನೆಗೂ ನೇರವಾಗಿ ಉತ್ತರಿಸದೆ, ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ ಎಂದು ತಿರುಗಿ ಕೇಳುತ್ತಾನೆ. ಮುಂದೆ ಕಾಡುಕತ್ತೆ, ಯುದ್ಧದ ಕುದುರೆ, ಲಿವ್ಯಾತಾನ್ ಎಂಬ ಕಡಲ ಮಹಾಮೃಗ ಎಲ್ಲವೂ ಕಣ್ಣೆದುರು ಹಾದುಹೋಗುತ್ತವೆ. ಮೆಕ್‌ಲೀಶ್ ಈ ಸಾಲುಗಳನ್ನು ಮೂಲದಿಂದಲೇ ಎತ್ತಿ ಬಳಸುತ್ತಾರೆ, ಆಗ ಅವುಗಳ ಪಕ್ಕದಲ್ಲಿ ಅವರ ಸ್ವಂತ ಸಾಲುಗಳು ತೆಳುವಾಗಿ ಕಾಣುತ್ತವೆ.

ಮುಕ್ತಾಯದ ಬಗ್ಗೆ ಕವಿಗೇ ಖಾತ್ರಿಯಿರಲಿಲ್ಲವೆಂದು ನನ್ನ ಅನುಮಾನ. ನಿರ್ದೇಶಕ ಇಲಿಯಾ ಕಜಾನ್ ನ್ಯೂಯಾರ್ಕಿನ ರಂಗಮಂದಿರಗಳ ಕೇಂದ್ರವಾದ ಬ್ರಾಡ್‌ವೇಗಾಗಿ ನಾಟಕವನ್ನು ರಂಗಕ್ಕೆ ತರುವಾಗ ಕೊನೆ ಬದಲಾಗಿ, ಜೆ. ಬಿ.ಗೆ ಹೊಸ ಮಾತುಗಳು ಸೇರಿದವು. ಗಂಡಹೆಂಡಿರ ಪ್ರೀತಿ ದೊಡ್ಡದು, ನಿಜ. ಆದರೆ ಮಕ್ಕಳೇಕೆ ಸತ್ತರು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಇದನ್ನು ಪರವಾದಿಗಳು ಮುಟ್ಟದೆ ಬಿಟ್ಟಿದ್ದಾರೆ.

ಜೆ. ಬಿ. ತಲೆಬಾಗಿದಾಗ ಅವನೇ ದೇವರನ್ನು ಕ್ಷಮಿಸಿದಂತಿತ್ತೆಂದು ಝಸ್ ಸಿಡುಕುವ ದೃಶ್ಯವನ್ನು ಮಾತ್ರ ನಾನೂ ಎರಡು ಬಾರಿ ಓದಿದೆ.