ಮರಳುಗಾಡಿನಲ್ಲಿ ಹೂತ 'ಇ.ಟಿ.': ಸತ್ಯಾಂಶ

'ಇ.ಟಿ. ಸಿನಿಮಾ ಆಧರಿಸಿದ ಒಂದೇ ಗೇಮ್ ಇಡೀ ವಿಡಿಯೊ ಗೇಮ್ ಉದ್ಯಮವನ್ನೇ ಮುಳುಗಿಸಿತು, ಅದರ ಲಕ್ಷಾಂತರ ಪ್ರತಿಗಳನ್ನು ಮರಳುಗಾಡಿನಲ್ಲಿ ಹೂತರು' ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತದೆ. ಅರ್ಧ ನಿಜ.

1983ರಲ್ಲಿ, ಈ ಗೇಮ್ ತಯಾರಿಸಿದ ಅಟಾರಿ ಕಂಪನಿ ಅಮೆರಿಕದ ನ್ಯೂ ಮೆಕ್ಸಿಕೊದ ಅಲಮೊಗೊರ್ಡೊ ಬಳಿ ಸರಕು ಹೂತದ್ದು ಹೌದು. 2014ರಲ್ಲಿ ಅಗೆದಾಗ ಇ.ಟಿ. ಸಿಕ್ಕಿತು, ಜೊತೆಗೆ ಬೇರೆ ಹತ್ತಾರು ಗೇಮ್‌ಗಳೂ ಸಿಕ್ಕವು. ಅಂದು ಹೂತದ್ದು ಸುಮಾರು 7,28,000 ಕಾರ್ಟ್ರಿಜ್ (ಗೇಮ್ ತುಂಬಿದ, ಯಂತ್ರಕ್ಕೆ ಸಿಕ್ಕಿಸುವ ಪುಟ್ಟ ಡಬ್ಬಿ) ಎಂದು ಅಟಾರಿಯ ಮಾಜಿ ಅಧಿಕಾರಿಯೇ ಹೇಳಿದ್ದಾರೆ. ಅದು ಎಲ್ಲ ಗೇಮ್‌ಗಳೂ ಸೇರಿದ ಲೆಕ್ಕ.

ಇ.ಟಿ. ಗೇಮ್ ಕಳಪೆಯಾಗಿತ್ತು, ನಿಜ. 1982ರ ಕ್ರಿಸ್‌ಮಸ್ ಮಾರಾಟಕ್ಕೆಂದು ಅಟಾರಿಯ ಪ್ರೋಗ್ರಾಮರ್ ಹೊವರ್ಡ್ ಸ್ಕಾಟ್ ವಾರ್ಶಾ ಅದನ್ನು ಐದೇ ವಾರಗಳಲ್ಲಿ ಬರೆದು ಮುಗಿಸಬೇಕಾಯಿತು (ಪಾಪ, ಬೈಗುಳ ಮಾತ್ರ ಇಂದಿಗೂ ಅವರಿಗೇ). ಆದರೆ ಉದ್ಯಮ ಕುಸಿದದ್ದು ಕಳಪೆ ಗೇಮ್‌ಗಳು ಅಂಗಡಿಗಳಲ್ಲಿ ತುಂಬಿ ತುಳುಕಿದ್ದರಿಂದ, ಅಗ್ಗದ ಹೋಮ್ ಕಂಪ್ಯೂಟರ್‌ಗಳ ಪೈಪೋಟಿಯಿಂದ.