ಹೆಂಡತಿಗೆ ಕೋಪ ಜಾಸ್ತಿಯಂತೆ!

ನಿನ್ನೆ ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪದ ಬಗ್ಗೆ ಒಂದು ವಿಡಿಯೋ ನೋಡುತ್ತಿದ್ದೆ. ಹಕ್ಕಿ, ಬಂಡೆ, ಸಮುದ್ರ, ಎಲ್ಲ ಚೆನ್ನಾಗಿತ್ತು. ನಡುವೆ ಆ ಪುಣ್ಯಾತ್ಮ, ‘ಜಗಳಗಂಟಿ ಹೆಂಡತಿಯ ಕಾಟ ತಡೆಯಲಾರದೆ ಒಬ್ಬ ಜಡ್ಜ್ ಅವಳನ್ನು ಇಲ್ಲಿಗೆ ಕಳಿಸಿಬಿಟ್ಟ’ ಅಂತ ನಕ್ಕು ಮುಂದೆ ಹೋದ. ಕಳಿಸಿದನಂತೆ! ತವರಿಗೆ ಬಸ್ ಹತ್ತಿಸಿದ ಹಾಗೆ.

ಆ ಜಡ್ಜ್ ಜೇಮ್ಸ್ ಅರ್ಸ್ಕಿನ್, ಲಾರ್ಡ್ ಗ್ರೇಂಜ್. ಊರಿಗೆಲ್ಲ ದೊಡ್ಡ ದೈವಭಕ್ತ. ಅಣ್ಣ ಅರ್ಲ್ ಆಫ್ ಮಾರ್, ಗದ್ದುಗೆ ಕಳೆದುಕೊಂಡ ಸ್ಟುವರ್ಟ್ ರಾಜಮನೆತನವನ್ನು ಮತ್ತೆ ಪಟ್ಟಕ್ಕೇರಿಸಲು ಎದ್ದ 1715ರ ಜಾಕೋಬೈಟ್ ದಂಗೆಯ ಮುಖಂಡ. ಹೆಂಡತಿ ರೇಚಲ್ ಚೀಸ್ಲಿ, ಒಂಬತ್ತು ಮಕ್ಕಳು. ಇಷ್ಟಿದ್ದೂ ಲಂಡನ್ನಿನಲ್ಲಿ ಕಾಫಿ ಹೌಸ್ ನಡೆಸುತ್ತಿದ್ದ ಫ್ಯಾನಿ ಲಿಂಡ್ಸೆ ಜೊತೆ ಇವನ ಸಂಬಂಧ. ರೇಚಲ್ ಸುಮ್ಮನಿರುವವಳಲ್ಲ. ಮನೆ ಮುಂದೆ ನಿಂತು ಬೈದಳು, ನಿನ್ನ ರಾಜದ್ರೋಹ ಬಯಲು ಮಾಡುತ್ತೇನೆ ಅಂದಳು.

1732ರ ಜನವರಿ 22ರ ರಾತ್ರಿ ಎಡಿನ್‌ಬರೋದಲ್ಲಿ ಅವಳಿದ್ದ ಬಾಡಿಗೆ ಕೋಣೆಗೆ ಗಂಡಸರು ನುಗ್ಗಿದರು. ನೆಲಕ್ಕೆ ಕೆಡವಿ, ಬಾಯಿಗೆ ಬಟ್ಟೆ ತುರುಕಿ, ಕೂದಲು ಕಿತ್ತು, ಕೆಲವು ಹಲ್ಲು ಉದುರುವಂತೆ ಹೊಡೆದರು. ಇದು ಅವಳೇ ಬರೆದಿಟ್ಟ ಮಾತು. ಮೊದಲು ಮೊನಾಕ್ ದ್ವೀಪಗಳು, 1734ರಿಂದ ಸೇಂಟ್ ಕಿಲ್ಡಾ. ಅಲ್ಲಿನ ಜನರ ಮಾತು ಗೇಲಿಕ್, ಇವಳಿಗೆ ಅದು ಬಾರದು. ಇದಕ್ಕೆ ಕಿಡ್ನ್ಯಾಪ್ ಅನ್ನಬೇಕಲ್ವಾ?

ಆದರೆ ಯಾರು ಹೇಳಿದರೂ ಶುರುವಾಗುವುದು ಅವಳ ಕೋಪದಿಂದಲೇ. ನನ್ನ ಬಾಯಿ ಎಂಥದು ಅಂತ ನಿಮಗೆಲ್ಲ ಗೊತ್ತು. ಅದಕ್ಕೇ ಈ ಕಥೆ ಓದುವಾಗೆಲ್ಲ ನನಗೆ ಮೈ ಉರಿಯುತ್ತದೆ, ಸ್ವಲ್ಪ ಭಯವೂ ಆಗುತ್ತದೆ.

‘ಅವಳ ಅಪ್ಪ ಕೊಲೆಗಾರ, ರಕ್ತದಲ್ಲೇ ಇತ್ತು’ ಅನ್ನುವವರೂ ಇದ್ದಾರೆ. ಹೌದು, ತನ್ನ ಹೆಂಡತಿಗೆ ಜೀವನಾಂಶ ಕೊಡಿಸಿದ ಸಿಟ್ಟಿಗೆ ಜಾನ್ ಚೀಸ್ಲಿ 1689ರಲ್ಲಿ ಜಡ್ಜ್ ಜಾರ್ಜ್ ಲಾಕ್‌ಹಾರ್ಟ್‌ಗೆ ಗುಂಡಿಟ್ಟ. ಅವನನ್ನು ಗಲ್ಲಿಗೇರಿಸಿದರು. ಅಳಿಯನಿಗೆ ಏನಾಯಿತು? 1734ರಲ್ಲಿ ಪಾರ್ಲಿಮೆಂಟ್ ಸೀಟು! ಹೆಂಡತಿ ದ್ವೀಪದಲ್ಲಿ ಕೊಳೆಯುತ್ತಿದ್ದಾಗ ಇವನು, ಮಾಟಗಾತಿಯರನ್ನು ಶಿಕ್ಷಿಸುವ ಹಳೇ ಕಾನೂನು ತೆಗೆಯಬೇಡಿ ಅಂತ ಅಲ್ಲಿ ಭಾಷಣ ಮಾಡುತ್ತಿದ್ದ. ಕಟಕಟೆ ಹತ್ತಲೇ ಇಲ್ಲ.

1738ರಲ್ಲಿ ಅವಳು ಬರೆದ ಪತ್ರ ಎಡಿನ್‌ಬರೋ ಮುಟ್ಟಿದ್ದು 1740ರ ಕೊನೆಗೆ. ಹಡಗು ಕಳಿಸಿದ್ದು ಹೊಟ್ಟೆಯಲ್ಲಿ ಹುಟ್ಟಿದವರಲ್ಲ, ಲಾಯರ್ ಥಾಮಸ್ ಹೋಪ್. ಅಷ್ಟರಲ್ಲಿ ಅವಳನ್ನು ಅಲ್ಲಿಂದ ಸಾಗಿಸಿಯಾಗಿತ್ತು. 1745ರಲ್ಲಿ ಸ್ಕೈ ದ್ವೀಪದಲ್ಲಿ ಸತ್ತಳು, ಕಾವಲಿನಲ್ಲೇ. ಗಂಡ ಇನ್ನೂ ಒಂಬತ್ತು ವರ್ಷ ಬದುಕಿದ್ದ, ಲಂಡನ್ನಿನಲ್ಲಿ.